ಕ್ರಿಸ್ಮಸ್ ಮರವೂ ಬೆಕ್ಕಿನ ಮರಿಗಳೂ



ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗಾಗಿ ಗೃಹಶಿಕ್ಷಣಕ್ಕೆ ಸಂಬಂಧಪಟ್ಟ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ ಶಿಶುಪೋಷಣೆ, ಆರೋಗ್ಯಶಾಸ್ತ್ರ, ಮಿತವ್ಯಯ ಮೊದಲಾದ ಗಂಭೀರ ವಿಷಯಗಳೇ ನಮ್ಮ ಮನಸ್ಸಿಗೆ ಬಂದುವು. ಆದರೆ ಅದೇ ವಾರದಲ್ಲಿ, ವಿರಾಜಪೇಟೆಯ ಕಡೆಯ ತೋಟದ ಮನೆಯೊಂದಕ್ಕೆ ಮದುವೆಯಾಗಿ ಹೋಗಿರುವ ಹಳೇ ವಿದ್ಯಾರ್ಥಿನಿಯೊಬ್ಬಳಿಂದ ಒಂದು ಪತ್ರ ಬಂದಿತು. ಕಳೆದ ಹಬ್ಬದಲ್ಲಿ ಅವರ ಮನೆಯ ಬೆಕ್ಕಿನ ಮರಿಯು ಕ್ರಿಸ್ಮಸ್ ಮರವನ್ನು ಮೂರು ಸಾರಿ ಬೀಳಿಸಿತಂತೆ. ಈ ವರ್ಷ ಮನೆಯಲ್ಲಿ ಮತ್ತೆ ಎರಡು ಮರಿಗಳು ಇವೆಯಂತೆ. ಮರಿಗಳನ್ನು ಗೋಣಿಯಲ್ಲಿ ಹಾಕಿ ತೋಟದಾಚೆ ಬಿಟ್ಟುಬರೋಣವೆಂದು ಆಕೆಯ ಅತ್ತೆಯವರು ಹೇಳುತ್ತಾರೆ. ಹಾಗಾದರೆ ನಮಗೆ ಮರವೇ ಬೇಡವೆಂದು ಮಕ್ಕಳು ಅಳುತ್ತಾರೆ. “ಟೀಚರ್, ಮರವನ್ನು ಬಿಡಲೋ, ಮರಿಗಳನ್ನು ಬಿಡಲೋ?” ಎಂದು ಆಕೆ ಕೇಳಿದ್ದಳು.

ಎರಡರಲ್ಲಿ ಯಾವುದನ್ನೂ ಬಿಡಬೇಕಾದ ಅವಶ್ಯವಿಲ್ಲವೆಂದು ನಾವು ಆಕೆಗೆ ಉತ್ತರ ಬರೆದೆವು. ಆ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಪಾಠವನ್ನಾಗಿ ಮಾಡಿದ್ದೇವೆ. ಇದು ಹಗುರವಾದ ವಿಷಯವೆಂದು ಕೆಲವರು ನಗಬಹುದು. ಈ ವಿಷಯದಲ್ಲಿ ನಾವೇ ಒಮ್ಮೆ ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ಆಮೇಲೆ ನಗುವುದೋ ಬಿಡುವುದೋ ಅವರಿಗೆ ಸೇರಿದ್ದು.

ಅದು ನಡೆದು ಕೆಲವು ವರ್ಷಗಳಾದುವು. ನಮ್ಮ ಬೋರ್ಡಿಂಗಿನ ಉಗ್ರಾಣದಲ್ಲಿ ಯಾವಾಗಲೂ ಅಕ್ಕಿಯ ಮೂಟೆಗಳಿರುವುದರಿಂದ ಬೆಕ್ಕಿಲ್ಲದೆ ನಮಗೆ ನಡೆಯದು. ಆ ವರ್ಷ ಕಕ್ಕಡ ತಿಂಗಳ ಮಳೆಯಲ್ಲಿ ಸೌದೆಯ ಕೊಟ್ಟಿಗೆಯೊಳಗೆ ಮೂರು ಮರಿಗಳು ಹುಟ್ಟಿ, ಹುತ್ತರಿಯ ಹೊತ್ತಿಗೆ ಮನೆಯ ತುಂಬ ಓಡಾಡಹತ್ತಿದ್ದುವು. ಡಿಸೆಂಬರಿನಲ್ಲಿ ನಾವು ಸಭಾಶಾಲೆಯ ಮೂಲೆಯಲ್ಲಿ ಮರವನ್ನು ನಿಲ್ಲಿಸಿದ ಎರಡನೆಯ ದಿನವೇ ಅವು ಅದನ್ನು ಕೆಡವಿದುವು. ಗಾಜಿನ ಗುಂಡುಗಳು ಒಡೆದುವು, ಕಾಗದದ ನಕ್ಷತ್ರ ಹರಿಯಿತು, ಎಲ್ಲರೂ ನಕ್ಕೆವು. ಮರದ ಬುಡಕ್ಕೆ ಕಲ್ಲು ತುಂಬಿ ಭದ್ರಪಡಿಸಿ, ಇನ್ನು ಯಾವ ತೊಂದರೆಯೂ ಇಲ್ಲವೆಂದು ನಂಬಿದೆವು. ಒಡೆದುಹೋದ ಗಾಜಿಗೆ ಬದಲಾಗಿ ಪೇಟೆಯಿಂದ ಹೊಂಬಣ್ಣದ ಜರಿನೂಲಿನ ಉಂಡೆಯೊಂದನ್ನು ತರಿಸಿ ಹುಡುಗಿಯರ ಕೈಗೆ ಕೊಟ್ಟೆವು. ಗಾಜಿನಂತೆ ಒಡೆಯುವ ವಸ್ತುವಲ್ಲವಷ್ಟೆ ಎಂಬುದೇ ನಮ್ಮ ಜಾಣತನವಾಗಿತ್ತು.

ಮೂರು ದಿನಗಳಾದ ಮೇಲೆ ಕೆಂದು ಬಣ್ಣದ ಮರಿಯು ಹಾಲನ್ನು ಮುಟ್ಟಲಿಲ್ಲ. ಎರಡು ಸಾರಿ ವಾಂತಿ ಮಾಡಿ ಬೆಂಚಿನಡಿಯಲ್ಲಿ ಮುದುರಿ ಕುಳಿತಿತು. ಮಾರನೆಯ ಬೆಳಿಗ್ಗೆ ಅದರ ಬಾಲದ ಕೆಳಗೆ ಎರಡಂಗುಲದಷ್ಟು ಹೊಂಬಣ್ಣದ ನೂಲು ತೂಗುತ್ತಿರುವುದನ್ನು ಕಂಡೆವು. ಪಾಪ, ತಾನಾಗಿ ಹೊರಗೆ ಬರುತ್ತಿದೆ, ಸ್ವಲ್ಪ ಎಳೆದರೆ ಪೂರ್ತಿ ಬಂದುಬಿಡುವುದು ಎಂದೆಣಿಸಿ ನಾವೇ ಅದನ್ನು ಹಿಡಿದು ಎಳೆದೆವು. ಮರಿಯು ಕೂಗಿದ ಕೂಗಿಗೆ ಕೈ ಬಿಟ್ಟೆವು. ಪಶುವೈದ್ಯರ ಬಳಿಗೆ ಕೊಂಡೊಯ್ದಾಗ ಅವರು ಮರಿಯ ಬಾಯನ್ನು ತೆರೆದು, ನಾಲಗೆಯನ್ನು ಬೆರಳಿನಿಂದ ಮೇಲಕ್ಕೆತ್ತಿ ತೋರಿಸಿದರು. ನೂಲಿನ ಒಂದು ಕುಣಿಕೆಯು ನಾಲಗೆಯ ಬುಡಕ್ಕೆ ಸುತ್ತಿಕೊಂಡು ಅಲ್ಲಿಯೇ ಬಿಗಿದಿತ್ತು. ಉಳಿದ ನೂಲೆಲ್ಲ ಹೊಟ್ಟೆಯನ್ನು ದಾಟಿ ಕರುಳಿನುದ್ದಕ್ಕೂ ಇಳಿದಿತ್ತು. ಅವರು ಶಸ್ತ್ರಕ್ರಿಯೆ ಮಾಡಿದರು. ಕರುಳು ಹಲವು ಕಡೆ ಕುಯ್ದುಹೋಗಿದ್ದಿತು. ಮರಿಯು ಆ ರಾತ್ರಿಯನ್ನು ಕಳೆಯಲಿಲ್ಲ.

ನೂಲನ್ನು ಮರಕ್ಕೆ ಸುತ್ತಿದ್ದ ಆರನೆಯ ತರಗತಿಯ ಹುಡುಗಿಯೊಬ್ಬಳು ತನ್ನಿಂದಲೇ ಮರಿ ಸತ್ತಿತೆಂದು ಒಂದೂವರೆ ದಿನ ಊಟ ಮಾಡಲಿಲ್ಲ. ಬೆಳಗಿನ ಪ್ರಾರ್ಥನೆಗೆ ಎಲ್ಲರೂ ಕೂಡಿದ್ದಾಗ, ನೂಲನ್ನು ತರಿಸಿದವರೂ ನಾವೇ, ಅದನ್ನು ಎಳೆದವರೂ ನಾವೇ, ಹುಡುಗಿಯರಲ್ಲಿ ಯಾರದೂ ತಪ್ಪಿಲ್ಲವೆಂದು ನಾವು ಹೇಳಿದ ಮೇಲೆ ಅವಳು ಗಂಜಿ ಕುಡಿದಳು.

ನೂಲು ಇಷ್ಟು ಅಪಾಯಕರವಾದುದು ಏಕೆಂಬುದನ್ನು ಈಗ ವಿವರಿಸುತ್ತೇವೆ. ಬೆಕ್ಕಿನ ನಾಲಗೆಯು ನಿಮ್ಮ ಕೈಯನ್ನು ನೆಕ್ಕಿದಾಗ ಅರದಂತೆ ಒರಟಾಗಿರುವುದನ್ನು ಎಲ್ಲರೂ ಬಲ್ಲಿರಿ. ಅದರ ಮೇಲೆ ಗಂಟಲಿನ ಕಡೆಗೆ ಬಾಗಿರುವ ಸಣ್ಣ ಸಣ್ಣ ಕೊಕ್ಕೆಗಳಿವೆ. ಎಲುಬಿನಿಂದ ಮಾಂಸವನ್ನು ಕೆರೆಯುವುದಕ್ಕೂ ಮೈಯ ಕೂದಲನ್ನು ಬಾಚಿಕೊಳ್ಳುವುದಕ್ಕೂ ಅವು ಬಹಳ ಉಪಯುಕ್ತವಾಗಿವೆ. ಆದರೆ ಅವುಗಳಿಗೆ ಸಿಕ್ಕಿದ ನೂಲನ್ನು ಉಗುಳಲು ಬೆಕ್ಕಿಗೆ ಸುಲಭದಲ್ಲಿ ಸಾಧ್ಯವಿಲ್ಲ. ನಾಲಗೆ ಆಡಿದಷ್ಟೂ ನೂಲು ಒಳಗೇ ಹೋಗುತ್ತದೆ. ಒಂದು ತುದಿಯು ನಾಲಗೆಯ ಬುಡದಲ್ಲಿಯಾಗಲಿ ಜಠರದ ಬಾಯಲ್ಲಿಯಾಗಲಿ ಸಿಕ್ಕಿಕೊಂಡರೆ, ಕರುಳು ಅಲೆಯಲೆಯಾಗಿ ಕದಲಿ ಅದನ್ನು ಮುಂದಕ್ಕೆ ತಳ್ಳಲು ಯತ್ನಿಸುತ್ತದೆ. ನೂಲು ಕದಲದು. ಆಗ ಲಾಡಿಯನ್ನು ಎಳೆದ ಲಂಗದ ಸೊಂಟದಂತೆ ಕರುಳೇ ನೂಲಿನ ಮೇಲೆ ನೆರಿಗೆ ನೆರಿಗೆಯಾಗಿ ಸೇರಿಕೊಳ್ಳುತ್ತದೆ, ಬಿಗಿಯಾದ ನೂಲು ನೆರಿಗೆಗಳನ್ನು ಗರಗಸದಂತೆ ಕುಯ್ಯುತ್ತದೆ. ಹೊರಗಿನಿಂದ ಎಳೆಯುವವರು ಆ ಗರಗಸವನ್ನು ತಾವೇ ಓಡಿಸಿದಂತಾಯಿತು. ಆದುದರಿಂದ ಬಾಯಲ್ಲಿಯಾಗಲಿ ಬಾಲದ ಕೆಳಗಾಗಲಿ ನೂಲಿನ ತುದಿ ಕಂಡರೆ ಎಳೆಯಕೂಡದು. ಹರಳೆಣ್ಣೆಯನ್ನಾಗಲಿ ಬೇರೆ ಭೇದಿಯ ಔಷಧವನ್ನಾಗಲಿ ಕುಡಿಸಕೂಡದು. ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ವಾಂತಿ, ಊಟ ಬಿಡುವುದು, ಮೂಲೆ ಸೇರುವುದು, ಇವು ಕಂಡಾಗ ನೂಲು ಕಣ್ಣಿಗೆ ಬೀಳದಿದ್ದರೂ ಹಾಗೆಯೇ ಮಾಡತಕ್ಕದ್ದು. ಬೇಗನೆ ಒಯ್ದ ಎಷ್ಟೋ ಮರಿಗಳು ಬದುಕಿಕೊಳ್ಳುತ್ತವೆ.

ಇನ್ನು ಮರದ ವಿಷಯಕ್ಕೆ ಬರೋಣ. ಮನೆಯೊಳಗೆ ಮರವನ್ನು ನಿಲ್ಲಿಸಿ ಅಲಂಕರಿಸುವ ಪದ್ಧತಿಯು ಜರ್ಮನ್ ಭಾಷೆಯ ನಾಡುಗಳಲ್ಲಿ ಬೆಳೆಯಿತು. ೧೬೦೫ರಲ್ಲಿ ಸ್ಟ್ರಾಸ್‌ಬುರ್ಗ್ ಪಟ್ಟಣದ ಜನರು ಕಾಗದದ ಗುಲಾಬಿ, ಸೇಬು, ಮಿಠಾಯಿ, ಹೊಂದಗಡು ಇವುಗಳನ್ನು ತೂಗಹಾಕಿದ ಮರಗಳನ್ನು ಕೋಣೆಗಳಲ್ಲಿ ಇಡುತ್ತಿದ್ದರೆಂದು ಒಬ್ಬ ಪ್ರವಾಸಿಗನು ಬರೆದಿಟ್ಟಿದ್ದಾನೆ. ೧೮೪೮ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬವು ಇಂಥ ಮರದ ಸುತ್ತ ನಿಂತಿರುವ ಚಿತ್ರವು ಲಂಡನಿನ ವಾರಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆ ಇಂಗ್ಲೆಂಡಿನ ಸಾಮಾನ್ಯರ ಮನೆಗಳಲ್ಲಿಯೂ ಇದು ಹರಡಿತು. ಆ ಜರ್ಮನ್ ನಾಡಿನಿಂದಲೇ ೧೮೩೬ರಲ್ಲಿ ಮಂಗಳೂರಿಗೆ ಬಂದ ಹೆರ್ಮನ್ ಮೊಗ್ಲಿಂಗರು ೧೮೫೦ರ ದಶಕದಲ್ಲಿ ಕೊಡಗಿಗೆ ಬಂದು ಆನಂದಪುರವನ್ನು ಸ್ಥಾಪಿಸಿದುದು ನಮ್ಮ ಜಿಲ್ಲೆಯ ಚರಿತ್ರೆಯನ್ನು ಓದಿದವರಿಗೆಲ್ಲ ತಿಳಿದ ಸಂಗತಿ.

ಅಲ್ಲಿಯವರ ಫರ್ ಮರವು ನಮಗಿಲ್ಲ. ನಮ್ಮಲ್ಲಿ ಗಾಳಿಮರದ ಕೊಂಬೆಯೋ, ಬಂಗಲೆಗಳ ಅಂಗಳದಿಂದ ಕಡಿದ ಸೈಪ್ರೆಸ್ಸಿನ ರೆಂಬೆಯೋ ಕ್ರಿಸ್ಮಸ್ ಮರವಾಗುತ್ತದೆ. ಇತ್ತೀಚೆಗೆ ಪ್ಲಾಸ್ಟಿಕ್ಕಿನ ಮರಗಳೂ ಬಂದಿವೆ. ಮೈಸೂರು ಸೀಮೆಯವರು ಸರ್ವೆ ಎಂದು ಕರೆಯುವ ಈ ಗಾಳಿಮರದ ‘ಎಲೆ’ ಎಂದು ನಾವು ತಿಳಿಯುವ ಸೂಜಿಯು ನಿಜವಾಗಿ ಎಲೆಯಲ್ಲ, ಗೆಣ್ಣು ಗೆಣ್ಣಾಗಿರುವ ಸಣ್ಣ ಕಡ್ಡಿ. ಗೆಣ್ಣಿನಲ್ಲಿ ಹಲ್ಲಿನಂತಿರುವ ಚಿಕ್ಕ ಪೊರೆಗಳೇ ಅದರ ಎಲೆಗಳು. ಚಿಕ್ಕಂದಿನಲ್ಲಿ ಕಡ್ಡಿಯನ್ನು ಮುರಿದು ಮತ್ತೆ ಜೋಡಿಸಿ, ಎಲ್ಲಿ ಮುರಿದೆ ಹೇಳು ಎಂದು ಆಡಿದವರಿಗೆ ಇದು ನೆನಪಿರಬಹುದು. ಈ ಕೊಂಬೆಯಲ್ಲಿ ಎರಡು ದೋಷಗಳುಂಟು. ಒಂದು, ಅದು ಬಳುಕುತ್ತದೆ. ಅರ್ಧ ಕಿಲೋ ತೂಕದ ಮರಿ ಹತ್ತಿದರೂ ತೂಗಾಡುತ್ತದೆ, ತೂಗಾಡಿದಷ್ಟೂ ಮರಿಗೆ ಸಂತೋಷ. ಇನ್ನೊಂದು, ಅದು ಅತ್ಯುತ್ತಮವಾದ ಸೌದೆ. ಒಂದು ಕಾಲಕ್ಕೆ ಮದರಾಸು ಪ್ರಾಂತದಲ್ಲಿ ರೈಲಿನ ಎಂಜಿನುಗಳಿಗೆ ಉರಿಸುವುದಕ್ಕೆಂದೇ ಇದರ ತೋಪುಗಳನ್ನು ಬೆಳೆಸುತ್ತಿದ್ದರೆಂದ ಮೇಲೆ, ಒಣಗಿದ ಗಾಳಿಮರದ ಹತ್ತಿರ ಉರಿಯುವ ಮೇಣದ ಬತ್ತಿಯನ್ನು ಇಡಬಾರದೆಂದು ಬೇರೆ ಹೇಳಬೇಕೇ?

ಮರಿಯ ಸ್ವಭಾವವನ್ನೂ ಸ್ವಲ್ಪ ತಿಳಿದಿರಬೇಕು. ತುಳುವಿನ ಪುಚ್ಚೆಯಾಗಲಿ ಕೊಡವ ತಕ್ಕಿನ ಪೂಚೆಯಾಗಲಿ, ಮಳೆಗಾಲದಲ್ಲಿ ಹುಟ್ಟಿದ ಮರಿಗೆ ಕ್ರಿಸ್ತಜಯಂತಿಯ ವೇಳೆಗೆ ನಾಲ್ಕೈದು ತಿಂಗಳು ತುಂಬಿರುತ್ತದೆ. ಹಾಲುಹಲ್ಲು ಬಿದ್ದು ಗಟ್ಟಿಹಲ್ಲು ಮೂಡುವ ಕಾಲವೂ ಅದೇ. ವಸಡು ನವೆಯುವುದರಿಂದ ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ, ವಿದ್ಯುತ್ತಿನ ತಂತಿಯನ್ನೂ ಬಿಡದು. ಬೇಟೆಯನ್ನು ಕಲಿಯುವ ಪ್ರಾಯವೂ ಅದೇ. ಬೆಕ್ಕಿನ ಕಣ್ಣು ಕದಲುವ ವಸ್ತುವನ್ನು ಬಹು ಬೇಗ ಹಿಡಿಯುತ್ತದೆ. ಗಾಳಿಗೆ ತಿರುಗುವ ಹೊಳೆಯುವ ಗುಂಡು ಅದಕ್ಕೆ ರೆಕ್ಕೆ ಬಡಿಯುವ ಹಕ್ಕಿಯೇ ಸರಿ. ಇನ್ನು ಹತ್ತುವ ವಿಷಯ: ಬೆಕ್ಕಿನ ಉಗುರುಗಳು ಹಿಂದಕ್ಕೆ ಬಾಗಿರುವುದರಿಂದ ಮೇಲಕ್ಕೆ ಏರುವುದು ಅದಕ್ಕೆ ಮೆಟ್ಟಿಲು ಹತ್ತಿದಷ್ಟು ಸುಲಭ. ಇಳಿಯುವಾಗ ಅವೇ ಉಗುರುಗಳು ಕೆಲಸಕ್ಕೆ ಬರುವುದಿಲ್ಲ. ಅಳಿಲು ತನ್ನ ಹಿಂಗಾಲನ್ನು ಹಿಂದುಮುಂದಾಗಿ ತಿರುಗಿಸಿ ತಲೆಕೆಳಗಾಗಿ ಇಳಿದು ಬರುತ್ತದೆ. ಬೆಕ್ಕಿಗೆ ಆ ವಿದ್ಯೆ ಇಲ್ಲ. ಮರಿಯು ಮರದ ತುದಿಯನ್ನು ಸೇರಿ, ಇಳಿಯಲು ತಿಳಿಯದೆ ಕೂಗಿ, ಕೊನೆಗೆ ಹಾರುತ್ತದೆ. ಹೆಚ್ಚಿನ ಮರಗಳು ಉರುಳುವುದು ಈ ಕೊನೆಯ ಹಾರಾಟದಲ್ಲಿ.

ಇದರಲ್ಲಿ ಕಿಡಿಗೇಡಿತನವೇನೂ ಇಲ್ಲ. ಕಾಡಿನಿಂದ ಮರವನ್ನು ಕಡಿದು ತಂದು ಮನೆಯೊಳಗೆ ನಿಲ್ಲಿಸಿದವರು ನಾವು. ಮರ ಹತ್ತುವ ಪ್ರಾಣಿಯು ಹತ್ತಿತೆಂದು ಕೋಲು ತೆಗೆದುಕೊಳ್ಳುವುದು ನ್ಯಾಯವಲ್ಲ. ಹೊಡೆದರೆ ಮರಿಯು ಕಲಿಯುವುದು ಒಂದೇ ಪಾಠ: ಈ ಮನುಷ್ಯರು ಎದುರಿಗಿಲ್ಲದಾಗ ಹತ್ತಬೇಕು. ಮೂವತ್ತು ಮಂದಿ ಹುಡುಗಿಯರ ತರಗತಿಯನ್ನು ನಡೆಸಿದವರಿಗೆ ಈ ಸತ್ಯವು ಹೊಸದಲ್ಲ.

ಮರವನ್ನು ನಿಲ್ಲಿಸುವ ಕ್ರಮವನ್ನು ನಮ್ಮ ಬೋರ್ಡಿಂಗಿನಲ್ಲಿ ಈಗ ನಡೆಯುವ ಹಾಗೆಯೇ ತಿಳಿಸುತ್ತೇವೆ. ಮೊದಲು ಸ್ಥಳ. ಕಿಟಕಿಯ ದಂಡೆ, ಮೇಜು, ಕಪಾಟು, ಹಾರ್ಮೋನಿಯಮ್ಮಿನ ಪೆಟ್ಟಿಗೆ, ಇವುಗಳ ಹತ್ತಿರ ಮರವನ್ನು ಇಡಬೇಡಿರಿ. ಅವೆಲ್ಲ ಮರಿಗೆ ಹಾರುವ ಮೆಟ್ಟಿಲುಗಳು. ನಾಲ್ಕೈದಡಿ ಬರಿದಾದ ನೆಲ ಸುತ್ತಲೂ ಇರಲಿ. ಬಾಗಿಲು ಹಾಕಬಹುದಾದ ಕೋಣೆಯಾದರೆ ಅರ್ಧ ಕೆಲಸ ಮುಗಿದಂತೆ. ರಾತ್ರಿ ಯಾರೂ ಇಲ್ಲದ ಹೊತ್ತಿನಲ್ಲಿ ಬಾಗಿಲು ಹಾಕಿಬಿಡಬೇಕು. ಆದರೆ ಮರಿಗಳನ್ನು ಅಂಗಳಕ್ಕೆ ನೂಕಿ ಬಾಗಿಲು ಹಾಕಬಾರದು. ಡಿಸೆಂಬರಿನ ಇರುಳಿನ ಚಳಿ ನಮ್ಮ ನಾಡಿನಲ್ಲಿ ಎಂಥದೆಂಬುದು ನಿಮಗೆ ಗೊತ್ತು. ಅಡಿಗೆಮನೆಯ ಒಲೆಯ ಬಳಿ ಒಂದು ಗೋಣಿ ಹಾಸಿದರೆ ಸಾಕು, ಅವು ಮರವನ್ನು ಮರೆತು ಮಲಗುತ್ತವೆ.

ಅನಂತರ ಬುಡ. ವಸ್ತುವಿನ ಗುರುತ್ವಕೇಂದ್ರದಿಂದ ಇಳಿಬಿಟ್ಟ ಗೆರೆಯು ಅದರ ತಳದ ಹೊರಗೆ ಬಿದ್ದೊಡನೆ ವಸ್ತುವು ಉರುಳುತ್ತದೆಂದು ನೀವು ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀರಷ್ಟೆ. ಅದನ್ನು ಪ್ರಯೋಗಿಸಲು ಇದೇ ಸಮಯ. ತಳವು ಅಗಲವಾಗಿರಬೇಕು, ಭಾರವೆಲ್ಲ ಕೆಳಗಿರಬೇಕು, ಮರವು ಗಿಡ್ಡಗಿರಬೇಕು. ಹಿಂದಿನವರು ಸೀಮೆಎಣ್ಣೆಯ ಡಬ್ಬವನ್ನು ಉಪಯೋಗಿಸುತ್ತಿದ್ದರು, ಅದು ಎತ್ತರವಾಗಿಯೂ ಇಕ್ಕಟ್ಟಾಗಿಯೂ ಇರುವುದರಿಂದ ಅಷ್ಟು ಒಳ್ಳೆಯದಲ್ಲ. ಗಾರೆ ಕಲಸುವ ಕಬ್ಬಿಣದ ಬಾಣಲೆಯೋ ಅಗಲವಾದ ಬಕೆಟ್ಟೋ ಲೇಸು. ನಡುವೆ ಕೊಂಬೆಯನ್ನು ನಿಲ್ಲಿಸಿ, ಸುತ್ತಲೂ ದಪ್ಪ ಕಲ್ಲುಗಳನ್ನು ಬೆಣೆಯಂತೆ ಬಡಿದು, ಸಂದುಗಳಲ್ಲಿ ಒದ್ದೆ ಮರಳನ್ನು ಒತ್ತಿರಿ. ಮರಳನ್ನು ಹಾಗೆಯೇ ತೆರೆದಿಟ್ಟರೆ ಮರಿಗಳು ಅದನ್ನು ಏತಕ್ಕೆ ಉಪಯೋಗಿಸುತ್ತವೆಂಬುದನ್ನು ಸ್ಮರಣ ಸಂಚಿಕೆಯಲ್ಲಿ ಬರೆಯುವುದು ಸರಿಯಲ್ಲ. ಚಪ್ಪಟೆ ಕಲ್ಲುಗಳನ್ನು ಒತ್ತೊತ್ತಾಗಿ ಹೊದಿಸಿ ಮೇಲೆ ಗೋಣಿಯನ್ನು ಬಿಗಿಯಾಗಿ ಕಟ್ಟಿರಿ. ಕೊಂಬೆಯು ಬಾಡದಿರಲೆಂದು ನೀರು ಹಾಕುವುದಾದರೆ ಬರಿಯ ನೀರೇ ಇರಲಿ. ಮರ ಹಸುರಾಗಿರಲು ಮಾರುವ ಪುಡಿಗಳನ್ನು ಕಲಸಿದರೆ ಬೆಕ್ಕು ಆ ನೀರನ್ನು ಕುಡಿಯುವ ಭಯವುಂಟು.

ಬುಡ ಎಷ್ಟೇ ಭದ್ರವಾಗಿದ್ದರೂ ತುದಿಯನ್ನು ಕಟ್ಟದೆ ಬಿಡಬೇಡಿರಿ. ಹಳೆಯ ಮನೆಗಳಲ್ಲಿ ಮರದ ತೊಲೆ ಇರುತ್ತದೆ, ಹೊಸ ಮನೆಗಳಲ್ಲಿ ಪಂಖದ ಕೊಕ್ಕೆ. ಎರಡೂ ಇಲ್ಲವಾದರೆ ಕಿಟಕಿಯ ಸರಳು. ಕಾಂಡದ ಮೇಲ್ಭಾಗದಿಂದ ಎರಡು ದಿಕ್ಕಿಗೆ ಬೆರಳು ದಪ್ಪದ ಹಗ್ಗವನ್ನು ಬಿಗಿದರೆ ಮರಿಯು ಹತ್ತಿದರೂ ಮರವು ವಾಲಬಹುದೇ ಹೊರತು ಬೀಳದು. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಪ್ರಯೋಜನ ಕೊಟ್ಟದ್ದು ಈ ಹಗ್ಗವೇ.

ಹೀಗೆ ನಿಲ್ಲಿಸಿದ ಮೇಲೆ ಮೂರು ದಿನ ಮರವನ್ನು ಬರಿದಾಗಿಯೇ ಬಿಡಿರಿ. ಮಕ್ಕಳು ಗೋಗರೆಯುವರು, ಸೋಲಬಾರದು. ಹೊಸ ವಸ್ತುವನ್ನು ಮೂಸಿ, ಉಜ್ಜಿ, ಒಂದೆರಡು ಸಾರಿ ಹತ್ತಿ ಬಿದ್ದು ನೋಡಿದ ಮೇಲೆ ಮರಿಗಳ ಕುತೂಹಲದ ಅರ್ಧವು ಇಳಿದುಹೋಗುತ್ತದೆ. ಅವು ಎಷ್ಟು ಎತ್ತರಕ್ಕೆ ಕೈಚಾಚುತ್ತವೆಂಬುದನ್ನು ನೀವು ಅಷ್ಟರಲ್ಲಿ ನೋಡಿಕೊಂಡಿರುತ್ತೀರಿ. ಮನಸ್ಸಿನಲ್ಲಿ ಅಲ್ಲೊಂದು ಗೆರೆ ಎಳೆಯಿರಿ. ಆ ಗೆರೆಯಿಂದ ಕೆಳಗೆ, ಬಿದ್ದರೂ ಅಗಿದರೂ ನಷ್ಟವಿಲ್ಲದ ವಸ್ತುಗಳನ್ನು ಮಾತ್ರ ಇಡತಕ್ಕದ್ದು.

ಅಲಂಕಾರದಲ್ಲಿ ಜರಿನೂಲು, ಮಿನುಗುವ ಎಳೆಗಳ ತೋರಣ, ಉಡುಗೊರೆಯ ಪೊಟ್ಟಣಕ್ಕೆ ಸುತ್ತುವ ರಿಬ್ಬನ್, ಇವು ಮೂರನ್ನೂ ನಮ್ಮ ಶಾಲೆಯಲ್ಲಿ ನಿಲ್ಲಿಸಿಬಿಟ್ಟಿದ್ದೇವೆ. ಗೆರೆಯ ಮೇಲೆಯೂ ಇಲ್ಲ, ಕೆಳಗೆಯೂ ಇಲ್ಲ. ಮೇಲೆ ಕಟ್ಟಿದುದು ಗಾಳಿಗೆ ಉದುರುತ್ತದೆ. ಗಾಜಿನ ಗುಂಡುಗಳು ಅಜ್ಜಿಯ ಕಾಲದವುಗಳಾದರೆ ಅವನ್ನು ಮರಕ್ಕಿಂತ ಗಾಜಿನ ಕಪಾಟಿನಲ್ಲಿಟ್ಟರೆ ಚೆನ್ನ. ಹಿಮದ ಹಾಗೆ ಕಾಣಲೆಂದು ಹತ್ತಿಯನ್ನು ಹರಡುವುದೂ ಬೇಡ. ಮರಿ ಅದನ್ನು ನುಂಗುವುದು. ಕೊಡಗಿನಲ್ಲಿ ಹಿಮ ಬೀಳುವುದೂ ಇಲ್ಲ. ಕಾಫಿಬೀಜಗಳನ್ನು ಪೋಣಿಸಿ ಸರ ಮಾಡುವ ಆಟವು ತೋಟದ ಮನೆಗಳ ಮಕ್ಕಳಲ್ಲುಂಟು. ನೋಡಲು ಸೊಗಸು, ಆದರೆ ಅದರಲ್ಲಿ ಎರಡು ಕೇಡುಗಳು ಕೂಡಿವೆ. ನೂಲು ಒಂದು, ಕಾಫಿಯಲ್ಲಿರುವ ಕೆಫೀನು ಇನ್ನೊಂದು. ಅದು ಬೆಕ್ಕಿನ ಹೃದಯಕ್ಕೆ ವಿಷ.

ಹಾಗಾದರೆ ಏನನ್ನು ತೂಗಹಾಕುವುದೆಂದು ಕೇಳುವಿರಿ. ಹುತ್ತರಿಯಲ್ಲಿ ಕೊಯ್ದ ಹೊಸ ಪೈರಿನ ಹುಲ್ಲನ್ನು ನೀರಿನಲ್ಲಿ ನೆನೆಸಿ ಚಪ್ಪಟೆ ಮಾಡಿ ನಕ್ಷತ್ರಗಳನ್ನು ಹೆಣೆಯಬಹುದು. ದಪ್ಪ ಬಣ್ಣದ ಕಾಗದದ ಗುಲಾಬಿಗಳು, ದರ್ಜಿಯ ಅಂಗಡಿಯ ಚೂರು ಬಟ್ಟೆಯಿಂದ ಹೊಲಿದ ಹಕ್ಕಿಗಳು, ಒಣಗಿದ ಗಾಳಿಮರದ ಕಾಯಿಗಳು, ಬಳಸಿ ಬಿಟ್ಟ ಮರದ ನೂಲುರುಳೆಗಳು (ನೂಲಿಲ್ಲದವು ಎಂದು ಬೇರೆ ಹೇಳಬೇಕಾಗಿಲ್ಲ), ಇವೆಲ್ಲ ಹುಡುಗಿಯರ ಕೈಗೆಲಸಕ್ಕೂ ಒಳ್ಳೆಯವು. ತೂಗಹಾಕಲು ನಾವು ದಾರದ ಬದಲು ಬಟ್ಟೆ ಒಣಗಿಸುವ ಮರದ ಕ್ಲಿಪ್ಪುಗಳನ್ನು ಉಪಯೋಗಿಸುತ್ತೇವೆ. ಮೊದಲ ವರ್ಷ ನೋಡಿದವರು ಇದೇನು ಅಗಸರ ಮನೆಯ ಮರವೇ ಎಂದರು. ಕ್ಲಿಪ್ಪುಗಳಿಗೆ ಕೆಂಪು ಬಣ್ಣ ಬಳಿದ ಮೇಲೆ ಅವರೇ ಹೊಗಳಿದರು. ಕೊಕ್ಕೆಯಾಗಿ ಬಗ್ಗಿಸಿದ ತಂತಿಗಳು ಮಾತ್ರ ಬೇಡ, ಮರಿಯ ಬಾಯಿಗೂ ಅಂಗಾಲಿಗೂ ಚುಚ್ಚುತ್ತವೆ.

ದೀಪಗಳು. ೧೮೮೨ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನರ ಜೊತೆಗಾರರಾದ ಎಡ್ವರ್ಡ್ ಜಾನ್ಸನ್ನರು ಕೆಂಪು, ಬಿಳಿ, ನೀಲಿ ಬಣ್ಣದ ೮೦ ವಿದ್ಯುದ್ದೀಪಗಳನ್ನು ತಮ್ಮ ಮರಕ್ಕೆ ಹಾಕಿಸಿದರು. ಮೇಣದ ಬತ್ತಿಯ ಬೆಂಕಿಯ ಭಯ ಅಂದಿನಿಂದ ಕಡಿಮೆಯಾಗುತ್ತ ಬಂದಿತು. ಆದರೆ ನಮ್ಮ ಮನೆಗಳಲ್ಲಿ ೨೩೦ ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಪೇಟೆಯ ಅಗ್ಗದ ಸೀರಿಯಲ್ ದೀಪಗಳ ತಂತಿಯ ಹೊದಿಕೆ ಬಹಳ ತೆಳುವು, ಹಲ್ಲು ಮೂಡುವ ಮರಿಗೆ ಅದು ಒಂದು ಕ್ಷಣದ ಕೆಲಸ. ಗೋಡೆಯಿಂದ ಮರದವರೆಗಿನ ತಂತಿಯನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿರಿ. ಕೆಳಗಿನ ಕೊಂಬೆಗಳಿಗೆ ದೀಪ ಹಾಕಬೇಡಿರಿ. ಕೋಣೆಯಿಂದ ಹೊರಟಾಗ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮರಿಯು ತಂತಿಯನ್ನು ಕಚ್ಚಿ ಅಲ್ಲಿಯೇ ಹಿಡಿದುಕೊಂಡಿದ್ದರೆ ಮೊದಲು ಪ್ಲಗ್ಗು, ಆಮೇಲೆ ಮರಿ. ಈ ಕ್ರಮವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ. ಬ್ಯಾಟರಿಯ ದೀಪಗಳು ಲೇಸೆಂದು ಕೊಳ್ಳುವವರು ಗುಂಡಿಯಂಥ ಚಿಕ್ಕ ಬ್ಯಾಟರಿಗಳ ಪೆಟ್ಟಿಗೆಗೆ ಸ್ಕ್ರೂ ಉಂಟೋ ಎಂದು ನೋಡಬೇಕು. ಆ ಬ್ಯಾಟರಿಯನ್ನು ಮರಿಯಾಗಲಿ ಮನೆಯ ಮಗುವಾಗಲಿ ನುಂಗಿದರೆ ಎರಡು ಗಂಟೆಗಳೊಳಗೆ ಅನ್ನನಾಳವನ್ನು ಸುಡಬಲ್ಲದು.

ಹಬ್ಬದ ಹೂಗಳ ವಿಷಯದಲ್ಲಿ ಜನರ ಭಯವು ತಲೆಕೆಳಗಾಗಿದೆ. ನಮ್ಮ ಬೇಲಿಗಳಲ್ಲಿ ಡಿಸೆಂಬರಿನಲ್ಲಿ ಎಲೆಗಳೇ ಕೆಂಪಾಗುವ ಪಾಯಿನ್ಸೆಟಿಯಾ ಗಿಡವು ಘೋರ ವಿಷವೆಂದು ಹಲವರು ನಂಬುತ್ತಾರೆ. ಅದರ ಹಾಲು ಬಾಯಿಗೆ ಉರಿ ತರುವುದು, ಒಮ್ಮೆ ವಾಂತಿಯಾದೀತು, ಅಷ್ಟೇ. ಯಾರೂ ಹೆದರದ ಲಿಲ್ಲಿಯೇ ನಿಜವಾದ ವೈರಿ. ಪೂಜಾವೇದಿಗೆಂದು ತಂದು ಮನೆಯ ಹೂಜಿಯಲ್ಲಿಟ್ಟ ಲಿಲ್ಲಿಯ ಎಲೆಯನ್ನು ಸ್ವಲ್ಪ ಅಗಿದರೂ, ಮೈಗೆ ತಗಲಿದ ಅದರ ಪರಾಗವನ್ನು ನೆಕ್ಕಿಕೊಂಡರೂ, ಬೆಕ್ಕಿನ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ಕೆಟ್ಟುಹೋಗುತ್ತವೆ. ಬೆಕ್ಕಿರುವ ಮನೆಗೆ ಲಿಲ್ಲಿ ಬೇಡವೇ ಬೇಡ. ಚಾಕೊಲೇಟನ್ನೂ ಮುಚ್ಚಿಡಿರಿ. ಬೆಕ್ಕಿಗೆ ಸಿಹಿಯ ರುಚಿಯನ್ನು ಅರಿಯುವ ಶಕ್ತಿಯೇ ಇಲ್ಲವೆಂದು ವಿಜ್ಞಾನಿಗಳು ೨೦೦೫ರಲ್ಲಿ ತೋರಿಸಿಕೊಟ್ಟರು; ಆದರೂ ಬೆಣ್ಣೆಯ ವಾಸನೆಗೆ ಅದು ಕೇಕಿನ ತಟ್ಟೆಯವರೆಗೆ ಬರುತ್ತದೆ.

ಮರಿಗಳು ಮರದ ಬಳಿಗೆ ಬಾರದಿರಲೆಂದು ಬುಡದಲ್ಲಿ ನುಸಿಗುಳಿಗೆ ಇಡುವವರನ್ನೂ ನೀಲಗಿರಿ ಎಣ್ಣೆ ಚಿಮುಕಿಸುವವರನ್ನೂ ಕಂಡಿದ್ದೇವೆ. ದಯವಿಟ್ಟು ಹಾಗೆ ಮಾಡಬೇಡಿರಿ. ಇಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿಯು ಮನುಷ್ಯನ ಯಕೃತ್ತಿಗಿರುವಷ್ಟು ಬೆಕ್ಕಿನದಕ್ಕೆ ಇಲ್ಲ. ಪಾದಕ್ಕೆ ಅಂಟಿದ ಎಣ್ಣೆಯನ್ನು ನೆಕ್ಕಿದರೂ ಕೇಡು. ಅದರ ಬದಲಿಗೆ ನಮ್ಮ ನಾಡಿನ ಕಿತ್ತಳೆಯುಂಟು. ಕಿತ್ತಳೆಸಿಪ್ಪೆಯ ವಾಸನೆಯನ್ನು ಹೆಚ್ಚಿನ ಬೆಕ್ಕುಗಳು ಸಹಿಸವು. ತಿಂದು ಬಿಸಾಡುವ ಸಿಪ್ಪೆಯನ್ನು ಬುಡದ ಕಲ್ಲುಗಳ ಮೇಲೆ ಹರಡಿ ದಿನವೂ ಬದಲಾಯಿಸುತ್ತ ಬನ್ನಿರಿ. ಎಲ್ಲಾ ಮರಿಗಳೂ ಇದಕ್ಕೆ ಬಗ್ಗುವುದಿಲ್ಲ. ನಮ್ಮಲ್ಲಿದ್ದ ಒಂದು ಕಪ್ಪು ಮರಿಯು ಸಿಪ್ಪೆಯ ಮೇಲೆಯೇ ಹೊರಳಾಡುತ್ತಿತ್ತು.

ಬೇಡವೆಂದು ಹೇಳಿದರೆ ಸಾಲದು, ಬೇಕಾದ್ದನ್ನೂ ಕೊಡಬೇಕು. ಒಂದು ಗಟ್ಟಿ ಕಂಬಕ್ಕೆ ಗೋಣಿಯನ್ನು ಸುತ್ತಿ ಬೇರೊಂದು ಮೂಲೆಯಲ್ಲಿ ನಿಲ್ಲಿಸಿದರೆ ಅದು ಮರಿಗಳ ಸ್ವಂತ ಮರವಾಗುತ್ತದೆ. ಸಂಜೆ ದೀಪ ಹಚ್ಚುವ ಮೊದಲು ಕಾಲು ಗಂಟೆ ಒಂದು ಕಾಗದದ ಉಂಡೆಯನ್ನು ಉರುಳಿಸಿ ಆಡಿಸಿ, ಆಮೇಲೆ ಉಣಿಸಿರಿ. ಬೇಟೆಯಾಡಿ ಹೊಟ್ಟೆ ತುಂಬಿದ ಪ್ರಾಣಿಯು ಮಲಗುತ್ತದೆ. ಗೋದಲಿಯನ್ನು ಕಟ್ಟುವ ಮನೆಗಳಲ್ಲಿ ಮತ್ತೊಂದು ತೊಂದರೆ ಉಂಟಾಗುವುದು, ಒಣಹುಲ್ಲಿನ ಬೆಚ್ಚನೆಯ ಹಾಸಿಗೆಯಲ್ಲಿ ಕುರುಬರನ್ನು ಆಚೆ ತಳ್ಳಿ ಮರಿಯೇ ಮಲಗಿಬಿಡುವುದು. ಇದಕ್ಕೆ ನಮಗೆ ಪರಿಹಾರ ಸಿಕ್ಕಿಲ್ಲ. ಗೊಂಬೆಗಳನ್ನು ಮಣ್ಣಿನ ಬದ್ದಲು ಮರದಲ್ಲಿ ಮಾಡಿಸಿಕೊಂಡೆವು, ಅಷ್ಟೇ.

ಪತ್ರ ಬರೆದ ಹುಡುಗಿಗೆ ನಾವು ಇಷ್ಟನ್ನು ತಿಳಿಸಿ, ಅತ್ತೆಯವರಿಗೆ ಒಂದು ಮಾತನ್ನು ಬೇರೆಯಾಗಿ ಬರೆದೆವು. ಗದ್ದೆಯ ಹೊಸ ಭತ್ತವು ಮನೆಗೆ ಬಂದ ಕಾಲ ಇದು. ಭತ್ತದ ಹಿಂದೆಯೇ ಇಲಿಗಳೂ ಬರುತ್ತವೆ. ಈಗ ಮರ ಹತ್ತುವ ಮರಿಯು ಬರುವ ಮಳೆಗಾಲದಲ್ಲಿ ಪತ್ತಾಯವನ್ನು ಕಾಯುವುದು. ತೋಟದಾಚೆ ಬಿಟ್ಟ ಮರಿಯಾದರೋ ಮೂರು ದಿನ ಬದುಕಿದರೆ ಹೆಚ್ಚು. ನಾಯಿಗಳಿವೆ, ನರಿಗಳಿವೆ, ಚಳಿಯುಂಟು. ಆಕೆ ಅನುಭವಸ್ಥರು, ಅರ್ಥಮಾಡಿಕೊಂಡರು. ಹಗ್ಗ ಕಟ್ಟಲು ತೊಲೆಗೆ ಕೊಕ್ಕೆಯನ್ನು ಹೊಡೆಸಿಕೊಟ್ಟವರೇ ಅವರೆಂದು ಆಮೇಲೆ ತಿಳಿಯಿತು.

ಜನವರಿ ೬ರಂದು ಮರವನ್ನು ಇಳಿಸುವ ಹೊತ್ತಿಗೆ ಗಾಳಿಮರವು ಪೂರ್ತಿ ಒಣಗಿರುತ್ತದೆ. ಅದಕ್ಕಿಂತ ಹೆಚ್ಚು ದಿನ ಇಡಬೇಡಿರಿ. ಮೊದಲು ಕ್ಲಿಪ್ಪುಗಳನ್ನು ಎಣಿಸಿ ತೆಗೆಯಿರಿ, ಲೆಕ್ಕ ತಪ್ಪಿದರೆ ಬೆಂಚಿನಡಿಯಲ್ಲಿ ಹುಡುಕಿರಿ. ಉದುರಿದ ಕಡ್ಡಿಗಳನ್ನು ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು. ಮರಿ ನುಂಗಿದರೆ ಹೊಟ್ಟೆ ಕೆಡುತ್ತದೆ. ಕೊಂಬೆಯು ಬಿಸಿನೀರಿನ ಒಲೆಗೆ, ಮರಳು ಹೂವಿನ ಪಾತಿಗೆ. ಅಲಂಕಾರದ ಸಾಮಾನುಗಳನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಅಟ್ಟಕ್ಕೆ ಏರಿಸುವ ಮೊದಲು ಮುಚ್ಚಳವನ್ನು ಇನ್ನೊಮ್ಮೆ ತೆರೆದು, ಒಳಗೆ ಮರಿಯೇನಾದರೂ ಮಲಗಿದೆಯೋ ಎಂದು ನೋಡಿಕೊಳ್ಳಿರಿ.